ಮೆಣಸಿನಕಾಯಿ ಘಾಟು ಮತ್ತು ಪ್ರಬಂಧದ ನೋಟ್‌ಬುಕ್

ಪ್ರಬಂಧದ ನೋಟ್‌ಬುಕ್ ತಿದ್ದಲು ಕೂತಾಗೆಲ್ಲ ಒಂದು ವಿಷಯ ನನ್ನನ್ನು ಕಾಡುತ್ತದೆ. ನಾನು ಕನ್ನಡ ಪಾಠ ಮಾಡುವುದು ಹಾವೇರಿ ಜಿಲ್ಲೆಯಲ್ಲಿ, ಬ್ಯಾಡಗಿಯಿಂದ ಹೆಚ್ಚು ದೂರವಿಲ್ಲದ ಒಂದು ಹೈಸ್ಕೂಲಿನಲ್ಲಿ. ಸುತ್ತಲೂ ಗೋವಿನಜೋಳ, ಹತ್ತಿ, ಮೆಣಸಿನಕಾಯಿ. ಸುಗ್ಗಿ ಮುಗಿದು ಮಾರುಕಟ್ಟೆ ಏರುವ ಹೊತ್ತಿಗೆ, ಅಂದರೆ ಜನವರಿಯಿಂದ ಮಾರ್ಚ್‌ವರೆಗೆ, ಬ್ಯಾಡಗಿ ಪೇಟೆಗೆ ಹೋಗಿ ಬಂದವರ ಬಟ್ಟೆಯಲ್ಲೂ ಒಣಮೆಣಸಿನಕಾಯಿ ಘಾಟು. ಆದರೆ ಮಕ್ಕಳ ನೋಟ್‌ಬುಕ್ಕಿನಲ್ಲಿ ಮಾತ್ರ ಬೇರೆಯೇ ಒಂದು ಊರಿದೆ. ಆ ಊರಲ್ಲಿ ನದಿ ಜುಳುಜುಳು ಹರಿಯುತ್ತದೆ. ಹಕ್ಕಿಗಳು ಚಿಲಿಪಿಲಿ ಎನ್ನುತ್ತವೆ. ಹಚ್ಚ ಹಸಿರು ಗಿಡಮರಗಳು ಕಣ್ಮನ ಸೆಳೆಯುತ್ತವೆ. ತಂಗಾಳಿ ಮನಸ್ಸಿಗೆ ಮುದ ನೀಡುತ್ತದೆ. ನಮ್ಮ ಶಾಲೆಯ ಹತ್ತಿರ ನದಿಯೇ ಇಲ್ಲ. ಏಪ್ರಿಲ್‌ನಲ್ಲಿ ಬೀಸುವ ಗಾಳಿಗೆ ಮುದ ನೀಡುವ ಅಭ್ಯಾಸವೂ ಇಲ್ಲ.

ಮಕ್ಕಳು ಸುಳ್ಳು ಬರೆಯುತ್ತಿದ್ದಾರೆ ಅಂತ ನಾನು ಹೇಳುವುದಿಲ್ಲ. ಅವರಿಗೆ ಯಾವುದು ಬರೆಯಲು ಯೋಗ್ಯ ಅಂತ ನಾವು ತೋರಿಸಿದ್ದೇವೋ ಅದನ್ನೇ ಬರೆಯುತ್ತಿದ್ದಾರೆ. ಗೈಡಿನಲ್ಲಿ ಆ ಊರಿದೆ. ಅಕ್ಕ, ಅಣ್ಣಂದಿರ ಹಳೇ ನೋಟ್‌ಬುಕ್ಕಿನಲ್ಲಿ ಆ ಊರಿದೆ. ಕರಿಹಲಗೆಯ ಮೇಲೂ ಅದೇ ಇದೆ. ಹತ್ತು ವರ್ಷ ಶಾಲೆಯಲ್ಲಿ ಕೂತ ಹುಡುಗನಿಗೆ ತನ್ನ ಮೂಗು ಹಿಡಿದ ವಾಸನೆ, ತನ್ನ ಅಂಗಾಲಿಗೆ ತಾಗಿದ ನೆಲ, ಇವೆಲ್ಲ ಬರವಣಿಗೆಯ ಸಾಮಾನು ಅಂತ ಅನಿಸುವುದೇ ಇಲ್ಲ. ವರ್ಣನೆ ಕಲಿಸುವುದು ಅಂದರೆ ಹೊಸ ಪದ ಕಲಿಸುವುದು ಅಂತ ನಾವು ತಿಳಿದಿದ್ದೇವೆ. ನನಗೆ ಅದಕ್ಕಿಂತ ಮುಂಚಿನ ಕೆಲಸವೊಂದು ಬಾಕಿ ಇದೆ ಅನಿಸುತ್ತದೆ. ನಿನಗೆ ಗೊತ್ತಾದದ್ದಕ್ಕೆ ಬೆಲೆ ಇದೆ ಅಂತ ಮಗುವನ್ನು ನಂಬಿಸುವ ಕೆಲಸ.

ಹೋರಿ ಬಂತ್ರೀ

ದೀಪಾವಳಿ ಮುಗಿಯುತ್ತಿದ್ದಂತೆ ನಮ್ಮ ಕಡೆ ಹೋರಿ ಹಬ್ಬ ಶುರು. ಈ ಭಾಗದವರಿಗೆ ಹೇಳಬೇಕಾಗಿಲ್ಲ. ಕೊರಳಿಗೆ ಕೊಬ್ಬರಿ ಮಾಲೆ, ಮೈಮೇಲೆ ಜೂಲ, ಕೋಡಿಗೆ ಬಲೂನು, ಕಾಲಿಗೆ ಗೆಜ್ಜೆ. ಹೋರಿ ಅಖಾಡದಲ್ಲಿ ಓಡಬೇಕು, ಹುಡುಗರು ಕೊಬ್ಬರಿ ಕೀಳಬೇಕು. ಹಬ್ಬದ ರಜೆ ಮುಗಿಸಿ ಬಂದ ಮಕ್ಕಳಿಗೆ ಒಂದು ವಾರ ಬೇರೆ ಮಾತೇ ಇರುವುದಿಲ್ಲ. ಹಾಗೆ ಒಂದು ಮಧ್ಯಾಹ್ನ, ಊಟ ಮುಗಿಸಿ ತಟ್ಟೆ ತೊಳೆಯುವ ನಲ್ಲಿ ಹತ್ತಿರ ಒಂಬತ್ತನೇ ತರಗತಿಯ ಹುಡುಗನೊಬ್ಬ ತನ್ನ ಗೆಳೆಯರಿಗೆ ಹೋರಿ ಓಡಿದ ಕತೆ ಹೇಳುತ್ತಿದ್ದ. ನಾನೂ ಹೋಗಿ ನಿಂತೆ. ನನ್ನನ್ನು ನೋಡಿ ಅವನು ಕತೆ ನಿಲ್ಲಿಸಲಿಲ್ಲ. ಇನ್ನೂ ಜೋರಾಗಿ ಹೇಳಿದ.

"ಟೀಚರ್ ರೀ, ಹೋರಿ ಬರೋಕಿಂತ ಮೊದ್ಲ ಗೊತ್ತಾಕೈತ್ರಿ. ಹಲಗಿ ಸಪ್ಪಳ ನಿಂತ್ ಬಿಡ್ತೈತಿ. ಮಂದಿ ಎಲ್ಲಾ ಸುಮ್ಕ ಆಗ್ತಾರ. ಆಮ್ಯಾಲೆ ಗೆಜ್ಜಿ. ಗೆಜ್ಜಿ ಸಪ್ಪಳ ಬಂದ ಮ್ಯಾಲೆ ಹೋರಿ ಬರೋದು. ನಾ ಕಟ್ಟಿ ಮ್ಯಾಲೆ ನಿಂತಿದ್ನಿ, ಕಾಲಾಗ ಕಟ್ಟಿ ನಡುಗಿತ್ರಿ. ಹೋರಿ ನೋಡಿದ್ನೋ ಇಲ್ಲೋ, ಕಣ್ಣಾಗ ಧೂಳು ಹೊಕ್ತು. ಬಾಯಾಗ ಮಣ್ಣು. ಹಲ್ಲು ಕಡಿದ್ರ ಕರಕರ ಅಂತಿತ್ತು. ನಮ್ಮ ಮಾಮಾ ಒಂದು ಕೊಬ್ರಿ ಕಿತ್ಕೊಂಡ್ ಬಂದ. ತಿಂದ್ರ ಅದಕ್ಕ ಕೊಬ್ರಿ ರುಚಿನ ಇಲ್ರಿ, ಬರೀ ಹೋರಿ ಬೆವರು."

ಆ ವಾರದ ಪ್ರಬಂಧ 'ನಾನು ಕಂಡ ಒಂದು ಹಬ್ಬ'. ಅದೇ ಹುಡುಗ ಬರೆದದ್ದು ಹೀಗಿತ್ತು: "ದೀಪಾವಳಿಯು ಬೆಳಕಿನ ಹಬ್ಬವಾಗಿದೆ. ನಮ್ಮ ಊರಿನಲ್ಲಿ ಹೋರಿ ಹಬ್ಬವನ್ನು ಬಹಳ ವಿಜೃಂಭಣೆಯಿಂದ ಆಚರಿಸುತ್ತಾರೆ. ಹೋರಿಗಳನ್ನು ಸುಂದರವಾಗಿ ಅಲಂಕರಿಸುತ್ತಾರೆ. ಅದನ್ನು ನೋಡಲು ಎರಡು ಕಣ್ಣುಗಳು ಸಾಲದು. ನನಗೆ ಬಹಳ ಸಂತೋಷವಾಯಿತು." ಅಕ್ಷರ ದುಂಡಗಿದ್ದವು. ಕಾಗುಣಿತ ಸರಿ ಇತ್ತು. ನಲ್ಲಿ ಹತ್ತಿರ ಕೈ ಬೀಸಿ ಕತೆ ಹೇಳಿದ ಹುಡುಗ ಮಾತ್ರ ಆ ಪುಟದಲ್ಲಿ ಎಲ್ಲೂ ಇರಲಿಲ್ಲ.

ಕರೆದು ಕೇಳಿದೆ. ಬಾಯಲ್ಲಿ ಮಣ್ಣು ಬಂತು ಅಂದೆಯಲ್ಲ, ಅದೆಲ್ಲಿ ಹೋಯ್ತು? ಅವನಿಗೆ ನಿಜವಾಗಿ ಆಶ್ಚರ್ಯವಾಯಿತು. "ಅದನ್ನೆಲ್ಲ ಬರೀಬೇಕೇನ್ರಿ? ಅದು ಪ್ರಬಂಧ ಅಲ್ರಿ, ಸುಮ್ನ ಮಾತು." ಈ ಉತ್ತರವನ್ನು ನಾನು ಅವತ್ತಿನಿಂದ ಬಹಳ ಸಲ ನೆನೆದಿದ್ದೇನೆ. ಅವನ ಲೆಕ್ಕ ಸ್ಪಷ್ಟವಾಗಿದೆ. ಮೈಗೆ ತಾಗಿದ್ದು ಮಾತಿಗೆ. ಮೈಗೆ ತಾಗದ್ದು ಪ್ರಬಂಧಕ್ಕೆ. ಇಂಥ ಲೆಕ್ಕವನ್ನು ಯಾವ ಮಗುವೂ ತಾನಾಗಿ ಹಾಕುವುದಿಲ್ಲ, ಅಲ್ವಾ?

ಅದಕ್ಕೆ ಈಗ ನಮ್ಮ ತರಗತಿಯಲ್ಲಿ ವರ್ಣನೆ ಬರೆಯುವ ಮೊದಲು ಮಾತಾಡುವುದು ಕಡ್ಡಾಯ. ಇಬ್ಬಿಬ್ಬರು ಕೂರುತ್ತಾರೆ. ಒಬ್ಬರು ಹೇಳಬೇಕು, ಇನ್ನೊಬ್ಬರು ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದುಕೊಳ್ಳಬೇಕು. 'ಗೆಜ್ಜಿ' ಅಂದರೆ 'ಗೆಜ್ಜಿ' ಅಂತಲೇ. ಆಮೇಲೆ ಹಾಳೆ ಅದಲು ಬದಲು. ತನ್ನ ಮಾತನ್ನು ಕಾಗದದ ಮೇಲೆ ಮೊದಲ ಸಲ ನೋಡಿದ ಮಗುವಿನ ಮುಖ ನೋಡಬೇಕು ನೀವು. ಅದಾದ ಮೇಲೆ ಕ್ರಿಯಾಪದಗಳನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸುತ್ತೇವೆ. ಉಳಿದದ್ದನ್ನು ಆದಷ್ಟು ಮುಟ್ಟುವುದಿಲ್ಲ. 'ಸಪ್ಪಳ' ಇದ್ದರೆ ಸಪ್ಪಳವೇ ಇರಲಿ, ಅದನ್ನು ತೆಗೆದು 'ಧ್ವನಿ' ಹಾಕುವ ಅಗತ್ಯವಿಲ್ಲ. 'ಕರಕರ' ಅಂದದ್ದು ಕರಕರ ಅಂತಲೇ ಉಳಿಯಬೇಕು.

ಆ ಹುಡುಗ ಮತ್ತೆ ಬರೆದದ್ದರಲ್ಲಿ ಎರಡು ವಾಕ್ಯ ಹೀಗಿದ್ದವು: "ಮೊದಲು ಗೆಜ್ಜೆ ಬಂತು. ಆಮೇಲೆ ಹೋರಿ ಬಂತು." ನನಗೆ ಇದರಲ್ಲಿ ಇಷ್ಟವಾದದ್ದು ಕ್ರಮ. ಗೈಡಿನ ವರ್ಣನೆಯಲ್ಲಿ ಎಲ್ಲ ಒಟ್ಟಿಗೇ ಕಾಣುತ್ತದೆ. ಹೋರಿ, ಜನ, ಅಲಂಕಾರ, ಸಂಭ್ರಮ ಎಲ್ಲ ಒಂದೇ ಫೋಟೋದಲ್ಲಿ. ಅಲ್ಲಿ ನಿಂತವನಿಗೆ ಹಾಗಾಗುವುದಿಲ್ಲ. ಮೊದಲು ಕಿವಿಗೆ, ಆಮೇಲೆ ಕಾಲಿಗೆ, ಆಮೇಲೆ ಕಣ್ಣಿಗೆ, ಕೊನೆಗೆ ನಾಲಿಗೆಗೆ. ಯಾವುದು ಯಾವಾಗ ಬಂತೋ ಅದೇ ಸಾಲಿನಲ್ಲಿ ಬರೆದರೆ ಓದುವವರೂ ಕಟ್ಟೆ ಮೇಲೆ ನಿಲ್ಲುತ್ತಾರೆ. ಇದನ್ನು ನಾನು ಅವನಿಗೆ ಕಲಿಸಲಿಲ್ಲ. ಅವನ ಮಾತಿನಲ್ಲೇ ಇತ್ತು.

ಐದು ಕಾಲಮ್ಮಿನ ಪಟ್ಟಿ

ಪಂಚೇಂದ್ರಿಯ ಬಳಸಿ ಬರೆಸಿ ಅಂತ ತರಬೇತಿಗಳಲ್ಲಿ ಹೇಳಿಕೊಡುವುದುಂಟು. ಹಾಳೆಯ ಮೇಲೆ ಐದು ಕಾಲಮ್ ಎಳೆಯಬೇಕು. ಕಂಡದ್ದು, ಕೇಳಿದ್ದು, ಮೂಸಿದ್ದು, ಸವಿದದ್ದು, ಮುಟ್ಟಿದ್ದು. ಮಕ್ಕಳು ತುಂಬುತ್ತಾರೆ. ಪಟ್ಟಿ ಕೆಟ್ಟದ್ದು ಅಂತ ಅಲ್ಲ. ಮೊದಲ ದಿನ ಮೂಗು, ಕೈ ಅಂತ ಎರಡು ಇವೆ ಎಂದು ನೆನಪಿಸಲು ಅದು ಸಾಕು. ಆದರೆ ಅಲ್ಲಿಗೇ ನಿಂತರೆ ಬರುವ ಬರಹ ಇಂಥದ್ದು: "ನಾನು ಕಣ್ಣಿನಿಂದ ತೇರು ನೋಡಿದೆನು. ಕಿವಿಯಿಂದ ಜಾಗಟೆಯ ಶಬ್ದ ಕೇಳಿದೆನು. ಮೂಗಿನಿಂದ ಊದಿನಕಡ್ಡಿಯ ವಾಸನೆ ಗ್ರಹಿಸಿದೆನು. ನಾಲಿಗೆಯಿಂದ ಮಿಠಾಯಿಯ ರುಚಿ ಸವಿದೆನು." ನಾಲ್ಕು ಇಂದ್ರಿಯ ಬಂದವು. ಜಾತ್ರೆ ಮಾತ್ರ ಬರಲಿಲ್ಲ. ಇಂದ್ರಿಯಗಳು ಅಲಂಕಾರಕ್ಕೆ ಬೇಕಾದವು, ಪ್ರಬಂಧಕ್ಕೆ ಮೇಲಿಂದ ಹಚ್ಚುವ ಬಣ್ಣ ಅಂತ ಆ ಪಟ್ಟಿ ಹೇಳಿಕೊಡುತ್ತದೆ. ನನ್ನ ಜಗಳ ಇರುವುದು ಅದರ ಜೊತೆ.

ನಾನು ಪಟ್ಟಿಯ ಬದಲು ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೇನೆ. "ಅದು ನಿನಗೆ ಹೇಗೆ ಗೊತ್ತಾಯ್ತು?" ಮಗು ಬರೆಯುತ್ತದೆ, 'ಅಜ್ಜಿಗೆ ಸಿಟ್ಟು ಬಂದಿತ್ತು.' ಹೇಗೆ ಗೊತ್ತಾಯ್ತು? ಬೈದಳಾ? "ಇಲ್ರಿ, ಬೈಲಿಲ್ಲ. ಪಾತ್ರೆ ಇಡೋ ಸಪ್ಪಳ ಜಾಸ್ತಿ ಆಗಿತ್ತು." ಹಾಗಾದರೆ ಅದನ್ನೇ ಬರಿ. 'ರಾತ್ರಿ ಬಹಳ ಹೊತ್ತಾಗಿತ್ತು.' ಹೇಗೆ ಗೊತ್ತಾಯ್ತು? "ಕೊನೇ ಬಸ್ಸು ಹೋಗಿತ್ತು, ಬಸ್‌ಸ್ಟ್ಯಾಂಡ್‌ನ್ಯಾಗ ಮಿರ್ಚಿ ಭಜಿ ಎಣ್ಣೆ ವಾಸ್ನಿ ಇರ್ಲಿಲ್ಲ." 'ಅವರ ಮನೆ ಶ್ರೀಮಂತರ ಮನೆ.' ಹೇಗೆ? "ಒಳಗೆ ಕಾಲಿಟ್ರ ನೆಲ ತಣ್ಣಗಿತ್ರಿ. ನಮ್ಮನಿ ನೆಲ ಮಧ್ಯಾಹ್ನ ಬೆಚ್ಚಗಿರ್ತೈತಿ." ಈ ಪ್ರಶ್ನೆ ಕೇಳಿದ ಕೂಡಲೇ ಇಂದ್ರಿಯಗಳು ಸಾಕ್ಷಿ ಹೇಳಲು ಬಂದು ನಿಲ್ಲುತ್ತವೆ. ಐದೂ ಬರಬೇಕು ಅಂತಿಲ್ಲ. ಯಾರು ನೋಡಿದ್ದಾರೋ ಅವರು ಬಂದರೆ ಸಾಕು. 'ಸುಂದರ', 'ಅದ್ಭುತ', 'ವಿಜೃಂಭಣೆ' ಇವೆಲ್ಲ ತೀರ್ಪು. ಸಾಕ್ಷಿ ಇಲ್ಲದೆ ಬರೀ ತೀರ್ಪು ಕೊಟ್ಟರೆ ಓದುವವರು ಯಾಕೆ ನಂಬಬೇಕು?

ಕೆಲವು ಶಿಕ್ಷಕರು 'ಸುಂದರ' ಎಂಬ ಪದವನ್ನೇ ನಿಷೇಧಿಸುತ್ತಾರೆ. ನಾನು ಯಾವ ಪದವನ್ನೂ ನಿಷೇಧಿಸುವುದಿಲ್ಲ. ಮಗುವಿನ ಬಾಯಿಂದ ಪದ ಕಸಿದುಕೊಂಡರೆ ಅದು ಇನ್ನಷ್ಟು ಹೆದರುತ್ತದೆ. ಸಾಕ್ಷಿ ಸಿಕ್ಕ ಮೇಲೆ ತೀರ್ಪು ತಾನೇ ಬಿದ್ದುಹೋಗುತ್ತದೆ. ಬಿದ್ದುಹೋಗದಿದ್ದರೂ ತೊಂದರೆ ಇಲ್ಲ.

ಒಂದು ಮಾತು ಇಲ್ಲಿ ಹೇಳಬೇಕು. ಕನ್ನಡದಲ್ಲಿ ವರ್ಣನೆ ಕಲಿಸುವವರಿಗೆ ಸಿಕ್ಕಿರುವ ಭಾಗ್ಯ ಸಣ್ಣದಲ್ಲ. ನಮ್ಮ ವ್ಯಾಕರಣದಲ್ಲಿ ಅನುಕರಣಾವ್ಯಯ ಅಂತ ಒಂದು ಭಾಗವೇ ಇದೆ. ಸರಸರ, ಪಟಪಟ, ದಬದಬ, ಗಳಗಳ. ಮಕ್ಕಳು ಇದನ್ನು ಒಂದಂಕದ ಪ್ರಶ್ನೆಗೆ ಬಾಯಿಪಾಠ ಮಾಡುತ್ತಾರೆ, ಪ್ರಬಂಧಕ್ಕೆ ಬಂದಾಗ ಮರೆತುಬಿಡುತ್ತಾರೆ. ವ್ಯಾಕರಣದ ಪಿರಿಯಡ್ ಬೇರೆ, ಪ್ರಬಂಧದ ಪಿರಿಯಡ್ ಬೇರೆ ಅಂತ ನಾವೇ ಗೋಡೆ ಕಟ್ಟಿದ್ದೇವಲ್ಲ. ಹಾಗಾಗಿ ಅನುಕರಣಾವ್ಯಯದ ಪಾಠದ ದಿನ ಮನೆಗೆಲಸ ಇಷ್ಟೇ: ಸಂಜೆ ಅಡುಗೆಮನೆ ಬಾಗಿಲ ಹತ್ತಿರ ಕೂತು ಕೇಳಿ, ಕೇಳಿದ್ದನ್ನು ಬರೆದು ತನ್ನಿ. ಒಬ್ಬಳು ರೊಟ್ಟಿ ಬಡಿಯುವ ಸಪ್ಪಳ ಬರೆದು ತಂದಳು. ಮೊದಲು ಹಿಟ್ಟು ದಪ್ಪ ಇದ್ದಾಗ 'ದಪ್ ದಪ್', ರೊಟ್ಟಿ ಅಗಲವಾಗುತ್ತಾ ತೆಳ್ಳಗಾದಾಗ 'ಪಟ ಪಟ ಪಟ'. ಅವಳಿಗೆ ಒಳಗೆ ಹೋಗಿ ನೋಡಬೇಕಾಗಿಲ್ಲ, ರೊಟ್ಟಿ ಹೆಂಚಿಗೆ ಹೋಗುವ ಹೊತ್ತು ಹೊರಗಿನಿಂದಲೇ ಗೊತ್ತಾಗುತ್ತದಂತೆ. ಇಷ್ಟು ವರ್ಷ ರೊಟ್ಟಿ ತಿಂದ ನನಗೆ ಇದು ಗೊತ್ತಿರಲಿಲ್ಲ. ಮನೆಗೆ ಹೋಗಿ ಕಿವಿಗೊಟ್ಟೆ. ಅವಳು ಹೇಳಿದ್ದು ನಿಜ.

ಹೆಸರು ಹೇಳಬಾರದು

"ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ." ಮಲ್ಲಿಗೆಯ ಒಗಟು ಎಲ್ಲರಿಗೂ ಗೊತ್ತು. ಅಜ್ಜಿಯರು ಮಕ್ಕಳನ್ನು ಮಲಗಿಸುವಾಗ ಹೇಳುತ್ತಿದ್ದ ಈ ಒಗಟುಗಳು ವರ್ಣನೆಯ ಒಳ್ಳೆಯ ಪಾಠಗಳು. ಅಲ್ಲಿರುವ ನಿಯಮ ಒಂದೇ. ವಸ್ತುವಿನ ಹೆಸರು ಹೇಳಬಾರದು. ಹೆಸರು ಹೇಳದೆ ಇದ್ದರೆ ಅದು ಕಾಣುವುದು, ಕೇಳುವುದು, ತಾಗುವುದು ಇಷ್ಟೇ ಉಳಿಯುತ್ತದೆ. ಗತ್ಯಂತರವಿಲ್ಲದೆ ಇಂದ್ರಿಯಗಳ ಕಡೆ ತಿರುಗಬೇಕು. ಶಾಲೆಯಲ್ಲಿ ಸಿಗುವ ಯಾವುದಾದರೂ ವಸ್ತುವಿನ ಮೇಲೆ ಒಗಟು ಕಟ್ಟಿ ಅಂದರೆ ಎಂಟನೇ ತರಗತಿಯ ಮಕ್ಕಳು ಪೈಪೋಟಿಗೆ ಬೀಳುತ್ತಾರೆ. ಪ್ರಬಂಧ ಅಂದರೆ ಪೆನ್ನು ಹುಡುಕುವ ನೆಪದಲ್ಲಿ ಐದು ನಿಮಿಷ ಕಳೆಯುವ ಮಕ್ಕಳೂ ಇಲ್ಲಿ ಮೊದಲು ಬರೆದು ಮುಗಿಸುತ್ತಾರೆ.

ಅದರಲ್ಲಿ ಒಂದು ಹೀಗಿತ್ತು: "ನಾ ಬೆಳಿಗ್ಗೆ ಬರ್ತೀನಿ. ನನ್ನ ಮೈ ಬಿಳಿ, ಆದರೆ ನನಗೆ ಕೊಟ್ಟಿಗೆ ವಾಸನೆ ಇಲ್ಲ. ಲೋಟ ಹಿಡಿದರೆ ಸುಡುತ್ತೀನಿ. ಕೊನೇ ಗುಟುಕು ಮಾತ್ರ ಬಾಳ ಸಿಹಿ." 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಶುರುವಾದಾಗಿನಿಂದ ನಮ್ಮ ಮಕ್ಕಳು ಶಾಲೆಯಲ್ಲಿ ಹಾಲು ಕುಡಿಯುತ್ತಿದ್ದಾರೆ. ಹಾಲಿನ ಪುಡಿಯಲ್ಲಿ ಮಾಡಿದ್ದು. ಮನೆಯಲ್ಲಿ ಎಮ್ಮೆ ಇರುವ ಮಗುವಿಗೆ ಎರಡು ಹಾಲಿನ ನಡುವಿನ ವ್ಯತ್ಯಾಸ ಮೂಗಿನಲ್ಲೇ ತಿಳಿಯುತ್ತದೆ. ಸಕ್ಕರೆ ಲೋಟದ ತಳದಲ್ಲಿ ನಿಲ್ಲುತ್ತದೆ, ಹಾಗಾಗಿ ಕೊನೇ ಗುಟುಕಿಗೆ ಕಾಯುವುದು ಎಲ್ಲರಿಗೂ ಗೊತ್ತಿರುವ ಸುಖ. ತರಗತಿ ಒಗಟು ಬಿಡಿಸಲು ಕ್ಷಣವೂ ತೆಗೆದುಕೊಳ್ಳಲಿಲ್ಲ. 'ಹಾಲಿನ ಮಹತ್ವ' ಅಂತ ಇದೇ ಮಗುವಿಗೆ ಬರೆಯಲು ಹೇಳಿದ್ದರೆ ಕ್ಯಾಲ್ಸಿಯಂ ಬರುತ್ತಿತ್ತು, ಆ ಕೊನೇ ಗುಟುಕು ಬರುತ್ತಿರಲಿಲ್ಲ.

ಎರೆ, ಮಸಾರಿ

ಮಕ್ಕಳ ಬರಹದಲ್ಲಿ ಅತಿ ಬಡವ ಅಂದರೆ ಮೂಗು. 'ಸುವಾಸನೆ', 'ದುರ್ವಾಸನೆ', ಎರಡೇ ಪದ. ಮನೆಯಲ್ಲಿ ಎಷ್ಟೊಂದು ಇವೆ! ಒಗ್ಗರಣೆ ಘಮ್ಮೆನ್ನುತ್ತದೆ. ಹಳೇ ಎಣ್ಣೆ ಕಮಟು. ಮಳೆಗಾಲದಲ್ಲಿ ಒಣಗದ ಬಟ್ಟೆ ಮುಗ್ಗಲು. ಅವರೆಕಾಯಿಗೆ ಸೊಗಡು. ಮೆಣಸಿನಕಾಯಿಗೆ ಘಾಟು. ಹಾಲು ಉಕ್ಕಿ ಒಲೆಗೆ ಬಿದ್ದರೆ ಸೀದ ವಾಸನೆ. ಯಾವ ಮಗುವಿಗೂ ಇವು ಹೊಸದಲ್ಲ. ಬರೆಯುವಾಗ ನೆನಪಾಗಬೇಕು ಅಷ್ಟೇ.

ಮೊದಲ ಮಳೆ ಬಿದ್ದ ದಿನ ಪಾಠ ನಿಲ್ಲಿಸಿ ಎಲ್ಲರೂ ವರಾಂಡಕ್ಕೆ ಬರುತ್ತೇವೆ. ಒಂದು ಸಲ ಅಲ್ಲಿ ಜಗಳವೇ ಆಯಿತು. ಎರೆ ಹೊಲದವರು ಎರೆ ಮಣ್ಣಿನ, ಅಂದರೆ ಕಪ್ಪು ಮಣ್ಣಿನ, ವಾಸನೆಯೇ ಬೇರೆ, ಗಟ್ಟಿ ಅಂತ. ಮಸಾರಿ ಹೊಲದವರು ಕೆಂಪು ಮಣ್ಣಿನದೇ ಚಂದ, ಎರೆ ಮಣ್ಣು ಕೆರೆ ಕೆಸರಿನ ಹಾಗೆ ನಾರುತ್ತದೆ ಅಂತ. ಮರುದಿನ ಎರಡೂ ಕಡೆಯವರು ಒಣ ಮಣ್ಣು ಪ್ಲಾಸ್ಟಿಕ್ ಚೀಲದಲ್ಲಿ ತಂದರು. ಕಣ್ಣು ಮುಚ್ಚಿ, ನೀರು ಚಿಮುಕಿಸಿ, ಮೂಸಿ ಹೇಳುವ ಪಂದ್ಯ. ಹೆಚ್ಚಿನವರು ಸರಿಯಾಗಿ ಗುರುತಿಸಿದರು. ವಿಜ್ಞಾನದ ಮೇಷ್ಟ್ರು ಬಂದು ಸೇರಿಕೊಂಡು, ಮಣ್ಣಿಗೆ ಈ ವಾಸನೆ ಕೊಡುವ ಜಿಯೋಸ್ಮಿನ್ ಎಂಬ ರಾಸಾಯನಿಕದ ಬಗ್ಗೆ ಹೇಳಿದರು. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾಗಳು ಅದನ್ನು ತಯಾರಿಸುತ್ತವೆ. ಒಣ ಮಣ್ಣಿಗೆ ಹನಿ ಬಿದ್ದಾಗ ಸಣ್ಣ ಸಣ್ಣ ಗುಳ್ಳೆ ಎದ್ದು ಒಡೆದು ಅದನ್ನು ಗಾಳಿಗೆ ಚಿಮ್ಮುತ್ತವೆ. ಒಂದು ಲಕ್ಷ ಕೋಟಿ ಪಾಲಿನಲ್ಲಿ ಕೆಲವೇ ಪಾಲು ಇದ್ದರೂ ಮನುಷ್ಯನ ಮೂಗು ಅದನ್ನು ಹಿಡಿಯುತ್ತದೆ. ಈ ವಾಸನೆಗೆ 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಪೆಟ್ರಿಕೋರ್ ಎಂದು ಹೆಸರಿಟ್ಟರು. ಉತ್ತರ ಪ್ರದೇಶದ ಕನೌಜ್‌ನಲ್ಲಿ ಅದಕ್ಕೂ ಬಹಳ ಹಿಂದಿನಿಂದ ಒಣ ಮಣ್ಣನ್ನು ಭಟ್ಟಿ ಇಳಿಸಿ ಅತ್ತರು ಮಾಡುತ್ತಿದ್ದಾರೆ. ಮಳೆ ವಾಸನೆಯನ್ನು ಶೀಸೆಯಲ್ಲಿ ಮಾರುತ್ತಾರೆ ಅಂದಾಗ ಮಕ್ಕಳು ನಂಬಲೇ ಇಲ್ಲ.

ಮೂಗಿಗೆ ನಾನು ಇಷ್ಟು ಜಾಗ ಕೊಡುವುದಕ್ಕೆ ಕಾರಣವಿದೆ. ಕಣ್ಣು, ಕಿವಿ, ಚರ್ಮದಿಂದ ಬರುವ ಸುದ್ದಿ ಮಿದುಳಿನಲ್ಲಿ ಮೊದಲು ಥಾಲಮಸ್ ಎಂಬ ಜಾಗಕ್ಕೆ ಹೋಗಿ, ಅಲ್ಲಿಂದ ಮುಂದೆ ಹೋಗುತ್ತದೆ. ವಾಸನೆಯ ಸುದ್ದಿಗೆ ಆ ನಿಲ್ದಾಣವಿಲ್ಲ. ಭಾವನೆ, ನೆನಪುಗಳನ್ನು ನೋಡಿಕೊಳ್ಳುವ ಭಾಗಗಳ ಹತ್ತಿರಕ್ಕೆ ಅದು ಹೆಚ್ಚು ಕಡಿಮೆ ನೇರವಾಗಿ ಹೋಗುತ್ತದೆ. ಬರೆಯಲು ಏನೂ ಹೊಳೆಯುತ್ತಿಲ್ಲ ಅಂತ ಕೂತ ಮಗುವಿಗೆ 'ಆ ಮನೆಯ ವಾಸನೆ ಏನು?' ಅಂತ ಕೇಳಿದರೆ ಬಾಗಿಲು ತೆರೆಯುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಸತ್ತುಹೋದ ಅಜ್ಜನ ಬಗ್ಗೆ ಬರೆಯಲಾಗದೆ ಕೂತಿದ್ದ ಹುಡುಗನಿಗೆ ಹೀಗೆ ಕೇಳಿದಾಗ 'ಎಲೆ ಅಡಿಕೆ ಚಂಚಿ' ಅಂದ. ಆಮೇಲೆ ಪೆನ್ನು ನಿಲ್ಲಲಿಲ್ಲ.

ಅವ್ವನ ಕೈ

'ನನ್ನ ತಾಯಿ' ಎಂಬ ಪ್ರಬಂಧ ಯಾರು ಬರೆದರೂ ಒಂದೇ ಥರ. ತಾಯಿಗಿಂತ ದೇವರಿಲ್ಲ, ತಾಯಿಯ ಋಣ ತೀರಿಸಲಾಗದು. ಎಲ್ಲ ನಿಜ. ಆದರೆ ಯಾವ ತಾಯಿ? ಹತ್ತನೇ ತರಗತಿಯ ಹುಡುಗಿಯೊಬ್ಬಳು ಹೀಗೇ ಬರೆದಿದ್ದಳು. ಅವಳ ತಾಯಿ ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿನಲ್ಲಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾರೆ. ನಮ್ಮ ಸುತ್ತಲಿನ ಎಷ್ಟೋ ಹೆಣ್ಣುಮಕ್ಕಳ ದುಡಿಮೆ ಇದು. ನಾನು ನೋಟ್‌ಬುಕ್ ವಾಪಸ್ ಕೊಡುವಾಗ ಕೆಳಗೆ ಒಂದೇ ಸಾಲು ಬರೆದೆ. "ಅವ್ವನ ಕೈ ಹೇಗಿದೆ?" ಅವಳು ಏನೂ ಹೇಳಲಿಲ್ಲ. ಕೆಲವು ದಿನ ನೋಟ್‌ಬುಕ್ ಕೂಡ ತರಲಿಲ್ಲ. ನಾನು ಮತ್ತೆ ಕೇಳಲಿಲ್ಲ.

ಆಮೇಲೊಂದು ದಿನ ಸ್ಟಾಫ್ ರೂಮಿಗೆ ಬಂದು ನೋಟ್‌ಬುಕ್ ಮೇಜಿನ ಮೇಲಿಟ್ಟು ಹೋದಳು. ಅದರಲ್ಲಿದ್ದದ್ದನ್ನು ಅವಳ ಒಪ್ಪಿಗೆ ಕೇಳಿ ಇಲ್ಲಿ ಬರೆಯುತ್ತಿದ್ದೇನೆ. "ಅವ್ವ ಸಂಜೆ ಬಂದ ಕೂಡಲೇ ನಮ್ಮನ್ನು ಮುಟ್ಟುವುದಿಲ್ಲ. ಮೊದಲು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ ತೊಳೆಯುತ್ತಾಳೆ. ಆದರೂ ಉರಿ ಹೋಗುವುದಿಲ್ಲ. ತಮ್ಮ ಅತ್ತರೆ ಮೊಣಕೈಯಿಂದ ಅವನ ಕಣ್ಣು ಒರೆಸುತ್ತಾಳೆ. ಅವಳ ಹೆಬ್ಬೆರಳಿನ ಉಗುರು ಕೆಂಪಗಿದೆ. ಮದುವೆಗೆ ಹೋದಾಗ ಎಲ್ಲರೂ ಮದರಂಗಿ ಅಂದುಕೊಂಡರು. ಅವ್ವ ಸೀರೆ ಝಾಡಿಸಿದರೆ ಮನೆಯಲ್ಲಿ ಎಲ್ಲರೂ ಸೀನುತ್ತೇವೆ. ಕತ್ತಲೆಯಲ್ಲಿ ಕಾಯಿ ಕೊಟ್ಟರೂ ಡಬ್ಬಿಯೋ ಕಡ್ಡಿಯೋ ಅಂತ ಬೆರಳಿನಿಂದ ಹೇಳುತ್ತಾಳೆ."

ಮೊಣಕೈಯಿಂದ ಕಣ್ಣು ಒರೆಸುವ ತಾಯಿ. ಅಲ್ಲಿಗೆ ಬಂದಾಗ ನಾನು ಓದುವುದು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಬ್ಯಾಡಗಿ ಮೆಣಸಿನಕಾಯಿ ಬಗ್ಗೆ ನಮಗೆ ಬೇಕಾದಷ್ಟು ಗೊತ್ತು. ಖಾರ ಕಡಿಮೆ, ಬಣ್ಣ ಜಾಸ್ತಿ. ಸುಕ್ಕು ಸುಕ್ಕಾದ ಸಿಪ್ಪೆ. ಡಬ್ಬಿ, ಕಡ್ಡಿ ಅಂತ ಎರಡು ಬಗೆ. ಬಣ್ಣಕ್ಕಾಗಿಯೇ ಅದರಿಂದ ಓಲಿಯೋರೆಸಿನ್ ಎಂಬ ಸಾರ ತೆಗೆಯುತ್ತಾರೆ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಇದೆಲ್ಲ ಪೇಪರಿನಲ್ಲಿ ಬಂದಿದೆ. ಆ ಬಣ್ಣ ಉಗುರಿನಲ್ಲಿ ಉಳಿಯುತ್ತದೆ, ಖಾರ ಕಡಿಮೆ ಎನ್ನುವ ಕಾಯಿಯೂ ದಿನವಿಡೀ ಮುಟ್ಟಿದರೆ ಮಗುವನ್ನು ಮುಟ್ಟಲು ಬಿಡುವುದಿಲ್ಲ ಅನ್ನುವುದನ್ನು ಬರೆಯಲು ಆ ಮನೆಯ ಮಗಳೇ ಬೇಕಾಯಿತು. ಅವಳು 'ಕಷ್ಟ' ಅಂತ ಎಲ್ಲೂ ಬರೆದಿಲ್ಲ. 'ತ್ಯಾಗ' ಅಂತಲೂ ಬರೆದಿಲ್ಲ.

ಎಣ್ಣೆ ಯಾಕೆ ಅಂತ ವಿಜ್ಞಾನದ ಮೇಷ್ಟ್ರ ಹತ್ತಿರ ಕೇಳಿದೆ. ಖಾರ ಕೊಡುವ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಗೋದಾಮಿನ ಹೆಂಗಸರಿಗೆ ಇದು ಯಾರೂ ಹೇಳಿಕೊಡದೆ ಗೊತ್ತು. ಮತ್ತೊಂದು ವಿಷಯ ಮೇಷ್ಟ್ರು ಹೇಳಿದಾಗ ಅದನ್ನು ತರಗತಿಗೆ ಒಯ್ದೆ. ಖಾರ ಅನ್ನುವುದು ನಾಲಿಗೆಯ ರುಚಿ ಅಲ್ಲವಂತೆ. ಸುಡುವ ಬಿಸಿಯನ್ನು ಗುರುತಿಸುವ ಗ್ರಾಹಕವೇ ಕ್ಯಾಪ್ಸೈಸಿನ್‌ಗೂ ಕೆರಳುತ್ತದೆ. 1997ರಲ್ಲಿ ಡೇವಿಡ್ ಜೂಲಿಯಸ್ ಅವರ ತಂಡ ಇದನ್ನು ಕಂಡುಹಿಡಿಯಿತು. 2021ರಲ್ಲಿ ಅವರಿಗೆ, ಸ್ಪರ್ಶದ ಗ್ರಾಹಕಗಳನ್ನು ಪತ್ತೆ ಮಾಡಿದ ಆರ್ಡೆಮ್ ಪಟಪೌಟಿಯನ್ ಅವರ ಜೊತೆ ನೊಬೆಲ್ ಬಂತು. ಹಾಗಾದರೆ ಖಾರವನ್ನು ಯಾವ ಇಂದ್ರಿಯಕ್ಕೆ ಸೇರಿಸೋಣ ಅಂತ ಮಕ್ಕಳನ್ನು ಕೇಳಿದೆ. ಷಡ್ರಸದಲ್ಲಿ ಖಾರವೂ ಇದೆ, ಅದು ರುಚಿಯೇ ಅಂತ ಒಬ್ಬ ವಾದಿಸಿದ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಕಣ್ಣಿಗೂ ಖಾರ ಹತ್ತೈತ್ರಿ. ಕಣ್ಣಿಗೆ ಎಲ್ಲೈತಿ ನಾಲಿಗಿ?" ವಾದ ಅಲ್ಲಿಗೆ ಮುಗಿಯಿತು. ಐದು ಕಾಲಮ್ಮಿನ ಪಟ್ಟಿಯಲ್ಲಿ ಖಾರಕ್ಕೆ ಯಾವ ಕಾಲಮ್ಮೂ ಸರಿಹೊಂದುವುದಿಲ್ಲ ಅಂತ ಅವತ್ತು ನನಗೂ ಖಚಿತವಾಯಿತು.

ಇಲ್ಲಿ ಒಂದು ಎಚ್ಚರ ಬೇಕು. 'ಹೇಗೆ ಗೊತ್ತಾಯ್ತು' ಅನ್ನುವ ಪ್ರಶ್ನೆ ಮಗುವನ್ನು ಮನೆಯೊಳಕ್ಕೆ ಕರೆದೊಯ್ಯುತ್ತದೆ. ಮನೆಯೊಳಗೆ ಎಲ್ಲವೂ ಹೇಳುವಂಥದ್ದಾಗಿರುವುದಿಲ್ಲ. ಅಪ್ಪ ರಾತ್ರಿ ಬಂದದ್ದು ಚಪ್ಪಲಿ ಎಳೆಯುವ ಸಪ್ಪಳದಿಂದ, ಆಮೇಲೆ ಬರುವ ವಾಸನೆಯಿಂದ ಗೊತ್ತಾಗುತ್ತದೆ ಅಂತ ಬರೆದ ಮಗುವೂ ಇದೆ. ಗೈಡಿನ ಭಾಷೆ ಮಕ್ಕಳಿಗೆ ಒಂದು ಮರೆಯನ್ನೂ ಕೊಡುತ್ತದೆ ಅನ್ನುವುದನ್ನು ನಾವು ಮರೆಯಬಾರದು. 'ನನ್ನ ತಂದೆ ಒಳ್ಳೆಯವರು' ಅಂತ ಬರೆದರೆ ಯಾರೂ ಮುಂದೆ ಕೇಳುವುದಿಲ್ಲ. ಆ ಮರೆಯನ್ನು ಕಿತ್ತುಹಾಕುವ ಹಕ್ಕು ನಮಗಿಲ್ಲ. ಹಾಗಾಗಿ ತರಗತಿಯಲ್ಲಿ ಯಾರ ಬರಹವನ್ನೂ ಅವರ ಒಪ್ಪಿಗೆ ಇಲ್ಲದೆ ಗಟ್ಟಿಯಾಗಿ ಓದುವುದಿಲ್ಲ. ಪುಟದ ಮೂಲೆ ಮಡಚಿ ಕೊಟ್ಟರೆ ನಾನು ಅದನ್ನು ಓದುವುದೂ ಇಲ್ಲ, ಅಂಕ ಮಾತ್ರ ಹಾಕುತ್ತೇನೆ. ಮನೆಯ ವಿಷಯ ಬೇಡ ಅಂದವರಿಗೆ ಬಸ್‌ಸ್ಟ್ಯಾಂಡ್ ಇದೆ, ಕೆರೆ ಏರಿ ಇದೆ, ಸಂತೆ ಇದೆ. ಅವ್ವನ ಬಗ್ಗೆ ಬರೆದ ಹುಡುಗಿ ತರಗತಿಯಲ್ಲಿ ಓದುವುದು ಬೇಡ ಅಂದಳು. ಓದಲಿಲ್ಲ. ಅವ್ವನಿಗೆ ಮಾತ್ರ ತಾನೇ ಓದಿ ಹೇಳಿದಳಂತೆ. ಅವ್ವ ಏನಂದರು ಅಂತ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಗ್ರಂಥಾಲಯಕ್ಕೆ ಎಂಥ ವಾಸನೆ?

ಸರಿ, ಪರೀಕ್ಷೆಯ ಗತಿ ಏನು? ಪಾಲಕರು ಕೇಳುತ್ತಾರೆ, ಮಕ್ಕಳು ಕೇಳುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ಬರುವ ಪ್ರಬಂಧದ ವಿಷಯಗಳು ಗೊತ್ತೇ ಇದೆ. ಗ್ರಂಥಾಲಯಗಳ ಮಹತ್ವ, ಸ್ವಚ್ಛ ಭಾರತ, ಪರಿಸರ ಸಂರಕ್ಷಣೆ, ಸಾಮಾಜಿಕ ಪಿಡುಗುಗಳು, ರಾಷ್ಟ್ರೀಯ ಹಬ್ಬಗಳು. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಬೇಕು. ಪೀಠಿಕೆ ಬಿಡಿ ಅಂತ ನಾನು ಯಾವ ಮಗುವಿಗೂ ಹೇಳುವುದಿಲ್ಲ. ಅವರ ಅಂಕದ ಜೊತೆ ಆಟ ಆಡುವ ಹಕ್ಕು ನನಗಿಲ್ಲ. ಆ ಚೌಕಟ್ಟಿನ ಒಳಗೆ ಒಂದೇ ಒಂದು ಕಡೆ, ನೀನು ಮಾತ್ರ ಬರೆಯಬಹುದಾದ ಸಾಲು ಇಡು ಅಂತ ಹೇಳುತ್ತೇನೆ. ಗಟಾರದ ಪಕ್ಕ ಕೂತು ತಿಂದ ಇಡ್ಲಿಯಿಂದ ಸ್ವಚ್ಛ ಭಾರತ ಶುರುವಾಗಬಹುದು. ನೂರಾರು ಉತ್ತರ ಪತ್ರಿಕೆ ತಿದ್ದಿ ದಣಿದ ಮೌಲ್ಯಮಾಪಕರೂ ಮನುಷ್ಯರೇ. ಅಂಥ ಸಾಲು ಬಂದಾಗ ಅವರ ಪೆನ್ನೂ ಒಂದು ಕ್ಷಣ ನಿಲ್ಲುತ್ತದೆ. ಮೌಲ್ಯಮಾಪನಕ್ಕೆ ಹೋದಾಗ ನನಗೇ ಹಾಗಾಗಿದೆ.

"ಗ್ರಂಥಾಲಯದ ಮಹತ್ವಕ್ಕ ಎಂಥ ವಾಸ್ನಿ ರೀ?" ಅಂತ ಒಬ್ಬ ಕೇಳಿದ. ನಿಜವಾದ ಪ್ರಶ್ನೆ. ಅವನು ಗ್ರಂಥಾಲಯಕ್ಕೆ ಹೋಗಿಯೇ ಇರಲಿಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರ ಅವನ ಮನೆಯಿಂದ ನಾಲ್ಕು ಹೆಜ್ಜೆ. ಶನಿವಾರ ಶಾಲೆ ಬಿಟ್ಟ ಮೇಲೆ ಹೋಗಿ ಒಂದು ತಾಸು ಕೂತು ಬಾ, ಏನೂ ಓದದಿದ್ದರೂ ಪರವಾಗಿಲ್ಲ ಅಂದೆ. ಸೋಮವಾರ ಬಂದವನು ಹೇಳಿದ್ದೇ ಹೇಳಿದ್ದು. ಕಬ್ಬಿಣದ ಕಪಾಟು ತೆರೆಯುವಾಗ ಹಲ್ಲು ಜುಮ್ಮೆನ್ನುತ್ತದೆ. ಹೊಸ ಪೇಪರಿಗೆ ಸೀಮೆಎಣ್ಣೆಯಂಥ ವಾಸನೆ, ಹಳೇ ಪುಸ್ತಕಕ್ಕೆ ಮುಗ್ಗಲು. ಫ್ಯಾನ್ ಹಾಕಿದರೆ ಪೇಪರ್ ಹಾರುತ್ತದೆ, ಹಾಕದಿದ್ದರೆ ಸೆಕೆ, ಹಾಗಾಗಿ ಎಲ್ಲರೂ ಮೊಣಕೈ ಊರಿ ಓದುತ್ತಾರೆ. ಕೆಲಸದ ಜಾಹೀರಾತು ಇರುವ ಪುಟದ ಅಂಚು ಬೇರೆ ಪುಟಗಳಿಗಿಂತ ಮೆತ್ತಗಾಗಿರುತ್ತದೆ, ಎಷ್ಟೋ ಬೆರಳು ತಾಗಿ.

ಕೊನೆಯದನ್ನು ಕೇಳಿದಾಗ ನಾನು ಅದನ್ನೇ ಪೀಠಿಕೆಗೆ ಹಾಕು ಅಂದೆ. ಅವನು ಹಾಗೇ ಮಾಡಿದ. ಅದರ ಕೆಳಗೆ ಗ್ರಂಥಾಲಯಗಳ ಪ್ರಕಾರಗಳು, ಉಪಯೋಗಗಳು, ಉಪಸಂಹಾರ ಎಲ್ಲ ಗೈಡಿನಲ್ಲಿದ್ದಂತೆಯೇ ಇದ್ದವು. 'ಜ್ಞಾನದ ಭಂಡಾರ' ಕೂಡ ಇತ್ತು. ನಾನು ಅವನ್ನು ಹೊಡೆದುಹಾಕಲಿಲ್ಲ. ಮೆತ್ತಗಾದ ಪುಟದ ಸಾಲಿನ ಕೆಳಗೆ ಗೆರೆ ಎಳೆದು ಪೂರ್ತಿ ಅಂಕ ಕೊಟ್ಟೆ. ಮುಂದಿನ ಶನಿವಾರ ಅವನ ಜೊತೆ ಇನ್ನೂ ಮೂವರು ಹೋಗಿದ್ದಾರೆ.